ಗೇಮ್ ಕನ್ಸೋಲ್ ಬೆಲೆ ಯಾವಾಗ ಇಳಿಯುತ್ತದೆ: ಮುಂಬಯಿಯ ಮಾಟುಂಗಾ ಲೆಕ್ಕದ ಕಡತ, ಇಲ್ಲಿಯವರೆಗಿನ ಕೆಲಸ

ಸದ್ಯದ ಸ್ಥಿತಿ: ಬೆಲೆ ಇಳಿಕೆಯನ್ನು ಮುಂಚೆಯೇ ಅಂದಾಜಿಸುವ ಲೆಕ್ಕದ ಮಾದರಿ ಕಟ್ಟುವ ಕೆಲಸ ಇದು. ಮೊದಲ ಮಾದರಿಯನ್ನು ಕೈಬಿಟ್ಟಿದೆ. ಎರಡನೆಯದು ದಿನಕ್ಕೆರಡು ಬಾರಿ ಬೆಲೆ ದಾಖಲಿಸುತ್ತಿದೆ. 2025ರ ಕೊನೆಯವರೆಗಿನ ಮಾಹಿತಿ ಮಾತ್ರ ಇದರಲ್ಲಿದೆ.

ಮೊದಲ ಸುತ್ತು: ಹಳೆಯ ಬೆಲೆಗಳು

ಅಮೆರಿಕದ ಬೆಲೆಗಳಿಂದ ಶುರುಮಾಡಿದ್ದಕ್ಕೆ ಕಾರಣ ಇಷ್ಟೇ: ಅಲ್ಲಿ ಬಿಡುಗಡೆಯ ಬೆಲೆ, ಇಳಿಕೆಯ ದಿನ ಎರಡೂ ಅಧಿಕೃತವಾಗಿ ಘೋಷಣೆಯಾಗುತ್ತವೆ. 1999ರಿಂದ ಈಚಿನ ಮನೆಬಳಕೆಯ ಕನ್ಸೋಲ್‌ಗಳಲ್ಲಿ ಬಿಡುಗಡೆಯಿಂದ ಮೊದಲ ಶಾಶ್ವತ ಇಳಿಕೆಯವರೆಗೆ ಹಿಡಿದ ತಿಂಗಳುಗಳು ಹೀಗಿವೆ: ಎಕ್ಸ್‌ಬಾಕ್ಸ್ 6, ಗೇಮ್‌ಕ್ಯೂಬ್ 6, ಪ್ಲೇಸ್ಟೇಷನ್ 3 ಎಂಟು, ವೀ ಯು 10, ಡ್ರೀಮ್‌ಕ್ಯಾಸ್ಟ್ 12, ಪ್ಲೇಸ್ಟೇಷನ್ 2 ಹತ್ತೊಂಬತ್ತು, ಎಕ್ಸ್‌ಬಾಕ್ಸ್ 360 ಇಪ್ಪತ್ತೊಂದು, ಪ್ಲೇಸ್ಟೇಷನ್ 4 ಇಪ್ಪತ್ತಮೂರು, ವೀ 34. ಎಕ್ಸ್‌ಬಾಕ್ಸ್ ಒನ್ ಈ ಪಟ್ಟಿಯಲ್ಲಿಲ್ಲ; 2014ರಲ್ಲಿ ಅದರ ಬೆಲೆ ಇಳಿದದ್ದು ಕೈನೆಕ್ಟ್ ಕ್ಯಾಮೆರಾ ಕಿತ್ತುಹಾಕಿದ್ದರಿಂದ. ಅದು ಬೇರೆ ಸರಕು, ಬೇರೆ ಬೆಲೆ. ನಿಂಟೆಂಡೊದ ಸ್ವಿಚ್ 2 ಬಂದದ್ದು 2025ರ ಜೂನ್‌ನಲ್ಲಷ್ಟೇ ಆದ್ದರಿಂದ ಅದನ್ನೂ ಸೇರಿಸಿಲ್ಲ.

ಈ ಒಂಬತ್ತರ ಸರಾಸರಿ 15 ತಿಂಗಳು, ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರುವುದು) 12. ಎಡವಿದ್ದು ಇಲ್ಲೇ. ಅಡೆ ಹಾಕಿದ ಮಾವಿನಲ್ಲಿ ಹಣ್ಣಾದದ್ದನ್ನಷ್ಟೇ ಎಣಿಸಿ, ಇನ್ನೂ ಕಾಯಾಗಿಯೇ ಇರುವುದನ್ನು ಬುಟ್ಟಿಯಲ್ಲೇ ಬಿಟ್ಟು ‘ಮಾಗಲು ಸರಾಸರಿ ಇಷ್ಟು ದಿನ’ ಎಂದಂತಾಯಿತು. ಸ್ವಿಚ್ 2017ರ ಮಾರ್ಚ್‌ನಿಂದ 101 ತಿಂಗಳು ಅಮೆರಿಕದಲ್ಲಿ ಇಳಿಯಲೇ ಇಲ್ಲ. 2025ರ ಆಗಸ್ಟ್‌ನಲ್ಲಿ ಬೆಲೆ ಏರಿತು. ಪ್ಲೇಸ್ಟೇಷನ್ 5 ಐವತ್ತೇಳು ತಿಂಗಳು ನಿಂತು ಏರಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 54 ತಿಂಗಳು ನಿಂತು ಏರಿತು.

ಈ ಮೂರನ್ನೂ ‘ಇನ್ನೂ ಇಳಿದಿಲ್ಲ’ ಎಂಬ ಗುರುತಿನೊಂದಿಗೆ ಸೇರಿಸಬೇಕು. ಒಂದು ಘಟನೆ ನಡೆಯುವವರೆಗಿನ ಕಾಲವನ್ನು ಅಳೆಯುವ ಸರ್ವೈವಲ್ ಅನಾಲಿಸಿಸ್ ಮಾಡುವುದು ಇದನ್ನೇ. ಮೂರೂ 34 ತಿಂಗಳಿಗಿಂತ ಮೇಲಿರುವುದರಿಂದ ಲೆಕ್ಕ ಬೆರಳಲ್ಲೇ ಮುಗಿಯುತ್ತದೆ: ಹನ್ನೆರಡರಲ್ಲಿ ಆರು ಇಳಿದ ತಿಂಗಳೇ ಮಧ್ಯಾಂಕ, ಅಂದರೆ 19. ಮೂರು ಸಾಲು ಸೇರಿಸಿದ್ದಕ್ಕೆ ಉತ್ತರ ಏಳು ತಿಂಗಳು ಮುಂದೆ ಹೋಯಿತು.

ಆ 19 ಕೂಡ ನಂಬತಕ್ಕದ್ದಲ್ಲ. 2013ರವರೆಗೆ ಬಂದ ಒಂಬತ್ತೂ ಇಳಿದಿವೆ, 2017ರಿಂದ ಬಂದ ಮೂರರಲ್ಲಿ ಒಂದೂ ಇಳಿದಿಲ್ಲ. ಎರಡನ್ನೂ ಒಂದೇ ರಾಶಿಗೆ ಸುರಿಯಬಾರದು. ಹೊಸ ಮೂರನ್ನಷ್ಟೇ ತೆಗೆದುಕೊಂಡರೆ ಒಟ್ಟು 212 ತಿಂಗಳು, ಇಳಿಕೆ ಸೊನ್ನೆ. ಒಂದೂ ಘಟನೆ ನಡೆಯದಿದ್ದಾಗ 3ನ್ನು ಒಟ್ಟು ಅವಧಿಯಿಂದ ಭಾಗಿಸಿದರೆ 95% ವಿಶ್ವಾಸದ ಮಟ್ಟದಲ್ಲಿ ಇಳಿಕೆಯ ಸಾಧ್ಯತೆಯ ಮೇಲ್ಮಿತಿ ಸಿಗುತ್ತದೆ: ತಿಂಗಳಿಗೆ ಸುಮಾರು 1.4%, ವರ್ಷಕ್ಕೆ ಸುಮಾರು 16%. ಹೆಚ್ಚೆಂದರೆ ಇಷ್ಟು ಎಂದರ್ಥವೇ ಹೊರತು ಇಷ್ಟೇ ಎಂದಲ್ಲ. ಮೂರೇ ಯಂತ್ರಗಳು, ಅವೂ ಒಂದನ್ನೊಂದು ನೋಡಿಕೊಂಡು ನಡೆಯುವಂಥವು. ಆದ್ದರಿಂದ ಈ ಸಂಖ್ಯೆಯನ್ನು ಸಡಿಲವಾಗಿಯೇ ಹಿಡಿಯಬೇಕು.

ಎದುರಾಳಿ ಕಾಲಂ

ಒಂದನ್ನೊಂದು ನೋಡಿಕೊಂಡು ನಡೆಯುತ್ತವೆ ಎನ್ನಲು 2002ರ ಮೇ ತಿಂಗಳು ಸಾಕು. 14ಕ್ಕೆ ಸೋನಿ ಪ್ಲೇಸ್ಟೇಷನ್ 2ನ್ನು 299 ಡಾಲರ್‌ನಿಂದ 199ಕ್ಕೆ ಇಳಿಸಿತು. ಮರುದಿನವೇ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸನ್ನು 299ರಿಂದ 199ಕ್ಕೆ ತಂದಿತು. ವಾರ ಕಳೆಯುವುದರೊಳಗೆ ನಿಂಟೆಂಡೊದ ಗೇಮ್‌ಕ್ಯೂಬ್ 199ರಿಂದ 149ಕ್ಕೆ ಬಂತು. ಗೇಮ್ ಉದ್ಯಮದ ಇ3 ಮೇಳ ಶುರುವಾದದ್ದು 22ಕ್ಕೆ. ಪಟ್ಟಿಯಲ್ಲಿ ಇವು ಮೂರು ಘಟನೆ, ನಿಜದಲ್ಲಿ ಒಂದೇ.

2025ರಲ್ಲಿ ಅದೇ ಸಾಲು ತಲೆಕೆಳಗಾಗಿ ನಡೆಯಿತು: ಮೇನಲ್ಲಿ ಮೈಕ್ರೋಸಾಫ್ಟ್ ಏರಿಸಿತು, ಆಗಸ್ಟ್‌ನಲ್ಲಿ ನಿಂಟೆಂಡೊ ಮತ್ತು ಸೋನಿ, ಅಕ್ಟೋಬರ್‌ನಲ್ಲಿ ಮತ್ತೆ ಮೈಕ್ರೋಸಾಫ್ಟ್. ಹೀಗಾಗಿ ‘ಎದುರಾಳಿ ಬೆಲೆ ಬದಲಿಸಿ ಎಷ್ಟು ದಿನ’ ಎಂಬ ಕಾಲಂ ಸೇರಿಸಿದೆ. ಇಳಿಕೆಗೆ ಮೈನಸ್, ಏರಿಕೆಗೆ ಪ್ಲಸ್. ಚಿಹ್ನೆ ಮರೆತರೆ ಮಾದರಿ ಏರಿಕೆಯನ್ನೇ ಇಳಿಕೆಯ ಸೂಚನೆ ಎಂದು ಕಲಿತುಬಿಡುತ್ತದೆ.

ಇಳಿಯದಿರಲು ಕಾರಣ

ಮೊದಲೆಲ್ಲ ಚಿಪ್ ಸಣ್ಣದಾದಂತೆ ಅದರ ಖರ್ಚೂ ಕರಗುತ್ತಿತ್ತು. ಪ್ಲೇಸ್ಟೇಷನ್ 2ರ ಎರಡು ಮುಖ್ಯ ಚಿಪ್‌ಗಳು 90 ನ್ಯಾನೋಮೀಟರ್ ತಯಾರಿಕೆಯಲ್ಲಿ (ಈ ಸಂಖ್ಯೆ ಇಳಿದಷ್ಟೂ ಚಿಪ್ ಸಣ್ಣದು) ಒಂದೇ ಚಿಪ್ ಆದವು. 2009ರಲ್ಲಿ ಯಂತ್ರ 99 ಡಾಲರ್‌ಗೆ ಬಂತು. ಪ್ಲೇಸ್ಟೇಷನ್ 5 ಏಳರಿಂದ ಆರು ನ್ಯಾನೋಮೀಟರ್‌ಗೆ ಹೋದದ್ದರಿಂದ ಅಂಥ ಉಳಿತಾಯವಾಗಲಿಲ್ಲ. 2025ರ ಕೊನೆಯಲ್ಲಿ ಮೆಮೊರಿ ಬೆಲೆಯೂ ಏರಿತು.

ಇನ್ನು ರೂಪಾಯಿ. 2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ₹49,990ಕ್ಕೆ ಬಂದಾಗ ಡಾಲರ್ ಸುಮಾರು ₹73. ಅಮೆರಿಕದ 499 ಡಾಲರ್ ಅಂದರೆ ಸುಮಾರು ₹36,400. 2025ರ ಡಿಸೆಂಬರ್‌ನಲ್ಲಿ ಡಾಲರ್ ₹90, ಅಮೆರಿಕದ ಬೆಲೆ 549: ಸುಮಾರು ₹49,400. ಅಲ್ಲಿನದು ತೆರಿಗೆ ಸೇರದ ಬೆಲೆ, ಇಲ್ಲಿನ ಎಂಆರ್‌ಪಿ ಎಲ್ಲ ತೆರಿಗೆ ಸೇರಿದ್ದು. 2022ರ ನವೆಂಬರ್‌ನಲ್ಲಿ ನಿಗದಿಯಾದ ₹54,990ರ ಪಕ್ಕದಲ್ಲಿಟ್ಟರೆ ಕಂಪನಿಗೆ ಉಳಿದ ಜಾಗ ಎಷ್ಟು ಕಿರಿದು ಎಂದು ಕಾಣುತ್ತದೆ.

ಮುಂಬಯಿಯ ಬೆಲೆ ದಾಖಲಿಸುವಾಗ

ಇಲ್ಲಿ ಕೊಳ್ಳುವವರಿಗೆ ಎಂಆರ್‌ಪಿಗಿಂತ ಆಫರೇ ಮುಖ್ಯ. 2023ರ ಜುಲೈನಲ್ಲಿ ₹7,500 ಕಡಿತವಾಗಿ ಪ್ಲೇಸ್ಟೇಷನ್ 5ರ ಡಿಸ್ಕ್ ಮಾದರಿ ₹47,490ಕ್ಕೆ ಸಿಕ್ಕಿತು, ಎಂಆರ್‌ಪಿ ಅಲ್ಲಾಡಲಿಲ್ಲ. ಆದ್ದರಿಂದ ಪ್ರಶ್ನೆಯನ್ನು ಎರಡಾಗಿ ಒಡೆದಿದೆ: ಎಂಆರ್‌ಪಿ ಇಳಿಕೆ, ತಾತ್ಕಾಲಿಕ ಆಫರ್. ಕಡಿಮೆ ಬೆಲೆ ಸತತ 28 ದಿನ ನಿಂತರೆ ಮಾತ್ರ ಮೊದಲನೆಯದು.

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಕೇಳುವಾಗ ಒಂದೇ ಉಸಿರಿಗೆ ನಾಲ್ಕು ವಿಷಯ ಕೇಳಬೇಕು: ಜಿಎಸ್‌ಟಿ ಬಿಲ್ ಸೇರಿದೆಯೇ, ಭಾರತದ ವಾರಂಟಿಯೇ, ಡಬ್ಬದ ಮೇಲಿನ ಮಾದರಿ ಸಂಖ್ಯೆ ಏನು, ಜೊತೆಗೆ ಗೇಮ್ ಅಥವಾ ಎರಡನೇ ಕಂಟ್ರೋಲರ್ ಕಡ್ಡಾಯವೇ. ಬಿಲ್ ಇಲ್ಲದೆ ಹೊರದೇಶದಿಂದ ಬಂದ ಪೆಟ್ಟಿಗೆಯ ಬೆಲೆ ಪಟ್ಟಿಗೆ ಸೇರಿದರೆ ಸುಳ್ಳು ಇಳಿಕೆ ಕಾಣುತ್ತದೆ. ಪ್ಲೇಸ್ಟೇಷನ್ 5ರ ಸಂಖ್ಯೆಯಲ್ಲಿ ‘ಎ’ ಇದ್ದರೆ ಡಿಸ್ಕ್, ‘ಬಿ’ ಇದ್ದರೆ ಡಿಸ್ಕ್ ಹಾಕಲಾಗದ ಡಿಜಿಟಲ್. ಡಿಸ್ಕ್ ಮಾದರಿಯಲ್ಲಿ ಸಂಗ್ರಹ 825 ಜಿಬಿ ಎಂದಿದ್ದರೆ ಹಳೆಯ ದಪ್ಪನೆಯದು, 1 ಟಿಬಿ ಎಂದಿದ್ದರೆ ತೆಳುವಿನದು.

ಆನ್‌ಲೈನ್ ಬೆಲೆಯನ್ನು ಬೆಳಿಗ್ಗೆ 9, ರಾತ್ರಿ 9ಕ್ಕೆ ಬರೆದುಕೊಳ್ಳಬೇಕು. ಸ್ಕ್ರಿಪ್ಟ್‌ನಿಂದ ಪದೇಪದೇ ಕೇಳಿದರೆ ಸೈಟ್ ತಡೆಯುತ್ತದೆ, ಖಾಲಿ ಉತ್ತರ ಬರುತ್ತದೆ. ಆ ಖಾಲಿಯನ್ನು ಸೊನ್ನೆ ಎಂದು ಬರೆದರೆ ಕಡತವೇ ಹಾಳು. ಬ್ಯಾಂಕ್ ಕಾರ್ಡಿನ ರಿಯಾಯಿತಿ, ಎಕ್ಸ್‌ಚೇಂಜ್, ಕೂಪನ್ ಮೂರಕ್ಕೂ ಬೇರೆ ಬೇರೆ ಕಾಲಂ. ಅಧಿಕೃತ ಮಾರಾಟಗಾರರ ಸ್ಟಾಕ್ ಮುಗಿದಾಗ ಅದೇ ಪುಟದಲ್ಲಿ ಮೂರನೆಯವರ ದುಬಾರಿ ಬೆಲೆ ಬಂದು ಕೂರುತ್ತದೆ. ಮಾರಾಟಗಾರರ ಹೆಸರು ಬರೆಯದೆ ಬೆಲೆ ಬರೆಯಬೇಡಿ.

ತಿಂಗಳಲ್ಲ, ತಿಥಿ

ಎರಡನೇ ಮಾದರಿಯಲ್ಲಿ ಅತಿ ದೊಡ್ಡ ಸುಧಾರಣೆ ಬಂದದ್ದು ‘ತಿಂಗಳು’ ಕಾಲಂ ತೆಗೆದುಹಾಕಿದ ಮೇಲೆ. ಹಬ್ಬದ ಮಾರಾಟ ಕ್ಯಾಲೆಂಡರ್ ತಿಂಗಳನ್ನು ಕೇಳುವುದಿಲ್ಲ, ಪಂಚಾಂಗವನ್ನು ಕೇಳುತ್ತದೆ. ನರಕ ಚತುರ್ದಶಿ 2023ರಲ್ಲಿ ನವೆಂಬರ್ 12, 2024ರಲ್ಲಿ ಅಕ್ಟೋಬರ್ 31, 2025ರಲ್ಲಿ ಅಕ್ಟೋಬರ್ 20. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರಲ್ಲಿ ಅಧಿಕ ಜ್ಯೇಷ್ಠ; ಹಾಗಾಗಿ ಆ ವರ್ಷ ಚತುರ್ದಶಿ ನವೆಂಬರ್ 8ಕ್ಕೆ. ಹಿಂದಿನ ವರ್ಷದ ‘ಅಕ್ಟೋಬರ್ ಮೊದಲ ವಾರ’ವನ್ನು ನಂಬಿದವರು ಸುಮಾರು ಮೂರು ವಾರ ಮೊದಲೇ ಕಾದು ಕೂರುತ್ತಾರೆ. ಈಗ ಕಾಲಂ ‘ಚತುರ್ದಶಿಗೆ ಎಷ್ಟು ದಿನ’, ಗಮನಿಸುವ ಅವಧಿ 40ನೇ ದಿನದಿಂದ 0ವರೆಗೆ. ಗಣೇಶ ಚತುರ್ಥಿ ಮತ್ತು ಗುಡಿ ಪಾಡ್ವಕ್ಕೂ ಇಂಥದೇ ಕಾಲಂ ಇದೆ, ಏಕೆಂದರೆ ಇಲ್ಲಿನ ಅಂಗಡಿಗಳು ಆಗಲೂ ಆಫರ್ ಹಾಕುತ್ತವೆ.

ಅಂಕ ಮತ್ತು ಮುಂದಿನ ಕೆಲಸ

ಪ್ರತಿ ಭಾನುವಾರ ಎರಡೂ ಪ್ರಶ್ನೆಗೆ ಮುಂದಿನ 30 ದಿನದ ಸಂಭವನೀಯತೆ ಬರೆದು ಬೀಗ ಹಾಕಬೇಕು, ಆಮೇಲೆ ತಿದ್ದುವಂತಿಲ್ಲ. ಅಂಕ ಬ್ರಯರ್ ವಿಧಾನದ್ದು, ಅಂದರೆ ಹೇಳಿದ್ದಕ್ಕೂ ಆದದ್ದಕ್ಕೂ ಇರುವ ಅಂತರದ ವರ್ಗವೇ ದಂಡ: 80% ಎಂದಿದ್ದು ಆಗದಿದ್ದರೆ 0.8ರ ವರ್ಗ 0.64 ದಂಡ, 30% ಎಂದಿದ್ದು ಆಗದಿದ್ದರೆ 0.09. ಎಂಆರ್‌ಪಿ ಪ್ರಶ್ನೆಗೆ ಸದಾ 1% ಎಂದು ಬರೆದರೂ ಒಳ್ಳೆಯ ಅಂಕ ಬರುತ್ತದೆ. ಆದ್ದರಿಂದ ಆಫರ್ ಪ್ರಶ್ನೆಯ ಅಂಕವನ್ನು ಬೇರೆಯಾಗಿ ಇಡುವುದು ಕಡ್ಡಾಯ. ಮಾದರಿ ನಿಜವಾಗಿ ಏನಾದರೂ ಕಲಿತಿದೆಯೇ ಎಂದು ತಿಳಿಯುವುದು ಅಲ್ಲಿಯೇ.

ಬಾಕಿ ಇರುವುದು: ಡೊಂಬಿವಿಲಿ, ಠಾಣೆ ಅಂಗಡಿಗಳ ಬೆಲೆ ಸೇರಿಸುವುದು, 2026ರ ಸೆಪ್ಟೆಂಬರ್ 29ರಿಂದ ದಾಖಲೆಯನ್ನು ದಿನಕ್ಕೆ ನಾಲ್ಕು ಬಾರಿಗೆ ಏರಿಸುವುದು. ಅಂದಿಗೆ ಚತುರ್ದಶಿಗೆ ಸರಿಯಾಗಿ 40 ದಿನ.