ಜಾಮೀನು ಎಂಬ ಮೂರು ಅಕ್ಷರ

ಧಾರವಾಡದಲ್ಲಿ ಇಪ್ಪತ್ತೊಂಬತ್ತು ವರ್ಷ ಒಂದನೆಯ ಇಯತ್ತೆಯ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದ ನಾನು, ಸಾಕ್ಷರತಾ ಸ್ವಯಂಸೇವಕಿಯಾಗಿ ನಮ್ಮ ಭಾಗದ ಕಾರಾಗೃಹವೊಂದರ ಮಹಿಳಾ ವಿಭಾಗಕ್ಕೆ ಹೋಗತೊಡಗಿದಾಗ, ಪಾಠದ ಕ್ರಮದ ಬಗ್ಗೆ ಹೊಸದಾಗಿ ಯೋಚಿಸುವುದೇನೂ ಇಲ್ಲವೆಂದೇ ಭಾವಿಸಿದ್ದೆ. ಸರ್ಕಾರಿ ಶಾಲೆಯ ಮೊದಲ ತರಗತಿಗಳ ಕಲಿಕಾ ಪದ್ಧತಿಯಾದ ನಲಿಕಲಿಯ ರೂಢಿಯಂತೆ ರ, ಗ, ಸ, ದ, ಅ ಎಂದು ಹಲಗೆಯ ಮೇಲೆ ಬರೆದೆ. ಎರಡನೆಯ ದಿನ ನವಲಗುಂದದ ಕಡೆಯ ಹೆಣ್ಣುಮಗಳೊಬ್ಬಳು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಂಡಿದ್ದ, ಮಡಿಕೆಗಳಲ್ಲಿ ಸವೆದುಹೋಗಿದ್ದ ನ್ಯಾಯಾಲಯದ ಹಾಳೆಯನ್ನು ಬಿಚ್ಚಿ, "ಅಕ್ಕೋರ, ಅದನ್ನ ಆಮ್ಯಾಲ ಕಲಸ್ರಿ, ಮೊದಲ ಇದರಾಗ ಏನೈತಿ ಓದೂದು ಕಲಸ್ರಿ" ಎಂದಳು.

ಅವಳ ಮಾತಿನಲ್ಲಿ ನ್ಯಾಯವಿತ್ತು. 2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಪ್ರಕರಣದ ತೀರ್ಪು ಇನ್ನೂ ಬಾರದವರು. ಒಟ್ಟು ಸಂಖ್ಯೆಯಲ್ಲಿ ಮಹಿಳೆಯರು 23,772. ಪದವಿ, ಡಿಪ್ಲೊಮಾ, ಹೊಲಿಗೆ ತರಬೇತಿಗಳೆಲ್ಲ ವರ್ಷಗಟ್ಟಲೆ ಒಂದೆಡೆ ಇರುವ ಸಜಾಬಂಧಿಗಳಿಗೆ ಒಗ್ಗುತ್ತವೆ. ನಾಳೆ ಇರುತ್ತೇನೋ ಇಲ್ಲವೋ ಎಂದು ತಾರೀಖಿನಿಂದ ತಾರೀಖಿಗೆ ಕಾಯುವವಳಿಗೆ ಬೇಕಾದ ವಿದ್ಯೆಯೇ ಬೇರೆ.

ಅಂದಿನಿಂದ ಪಾಠವನ್ನು ಆ ಹಾಳೆಗಳಿಂದಲೇ ಆರಂಭಿಸಿದೆ. 'ಜಾಮೀನು' ಕಲಿಯಲು ಸುಲಭವಾದ ಪದ: ಅದರಲ್ಲಿ ಒತ್ತಕ್ಷರವಿಲ್ಲ, ಜ, ಮ, ನ ಮೂರೂ ನಲಿಕಲಿಯ ಎರಡನೆಯ ಗುಂಪಿನಲ್ಲೇ ಬರುತ್ತವೆ. ತನ್ನ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ 'ವಕಾಲತ್ತು' ಎಂಬಲ್ಲಿ ತಕಾರದ ಒತ್ತು ಬಂತು. 'ದೋಷಾರೋಪಣೆ' ಬಂದಾಗ ಮಾತ್ರ ಎಲ್ಲರೂ ಪೆನ್ಸಿಲ್ ಕೆಳಗಿಟ್ಟು ನಕ್ಕರು, ನಾನೂ ನಕ್ಕೆ. ತಾನು ಹೆಬ್ಬೆಟ್ಟು ಒತ್ತಿದ್ದು ವಕಾಲತ್ತು ಪತ್ರದ ಮೇಲೆಂದು ಒಬ್ಬಾಕೆಗೆ ತಿಳಿದದ್ದು ಆ ತರಗತಿಯಲ್ಲಿ.

ಲೆಕ್ಕದ ಪಾಠವೂ ಹೀಗೆಯೇ ಬದಲಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿಯು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹಳು. ಮರಣದಂಡನೆ ಅಥವಾ ಜೀವಾವಧಿಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಇದ್ದವರಿಗೆ ಇದು ಅನ್ವಯಿಸದು. ಗರಿಷ್ಠ ಶಿಕ್ಷೆ ಏಳು ವರ್ಷವೆಂದರೆ 84 ತಿಂಗಳು, ಮೂರರಿಂದ ಭಾಗಿಸಿದರೆ 28. ಭಾಗಾಕಾರವನ್ನು ಅಷ್ಟು ಬೇಗ ಕಲಿತ ತರಗತಿಯನ್ನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ಅರ್ಜಿ ಬರೆದು ನ್ಯಾಯಾಲಯಕ್ಕೆ ಕಳಿಸುವ ಹೊಣೆ ಕಾರಾಗೃಹದ ಅಧೀಕ್ಷಕರದೇ. ಆದರೂ ತನ್ನ ತಿಂಗಳುಗಳನ್ನು ತಾನೇ ಎಣಿಸಬಲ್ಲವಳು ವಾರ್ಡರ್ ಬಾಯಿಯನ್ನೇ ನೋಡುತ್ತ ಕೂರಬೇಕಾಗಿಲ್ಲ. ಆದಾಯ ಎಷ್ಟೇ ಇರಲಿ ಮಹಿಳೆಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ ಎಂಬುದನ್ನು ಸಹ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಹೆಸರು ಹೇಳಿ ಓದಿಸಿದೆ.

ವಯಸ್ಕರ ಸಾಕ್ಷರತೆಗಾಗಿ ಕೇಂದ್ರ ಸರ್ಕಾರ ನಡೆಸುವ ಉಲ್ಲಾಸ್ ಕಾರ್ಯಕ್ರಮದ ಪರೀಕ್ಷೆಯಲ್ಲಿ ಓದು, ಬರಹ, ಲೆಕ್ಕಗಳಿಗೆ ತಲಾ 50ರಂತೆ 150 ಅಂಕಗಳಿವೆ. ನವಲಗುಂದದ ಕಡೆಯವಳು ಅದಕ್ಕೆ ಹೆಸರು ಕೊಟ್ಟಿದ್ದಳು. ಪರೀಕ್ಷೆಗೆ ಹನ್ನೊಂದು ದಿನವಿರುವಾಗ ಹೊರಗೆ ಹೋದಳು. ನನ್ನ ಹಾಜರಿ ಪುಸ್ತಕದಲ್ಲಿ ಅಂಥವರಿಗೆಂದು ನಾನೇ ಗೆರೆ ಎಳೆದುಕೊಂಡಿದ್ದ ಅಂಕಣದ ತಲೆಬರಹ 'ಅರ್ಧಕ್ಕೆ ಬಿಟ್ಟವರು' ಎಂದಿತ್ತು. ಅದನ್ನು ಹೊಡೆದುಹಾಕಿ, ಅವಳ ಹೆಸರಿನ ಮುಂದೆ 'ಜಾಮೀನು' ಎಂದು ಬರೆದೆ.