ಕೀಮೋ ಹೇಗೆ ತಡೆದುಕೊಂಡಿರಿ ಎಂದು ಕೇಳುವವರಿಗೆ

ಏಳು ಸುತ್ತು ಕೀಮೋ ಮುಗಿದಿವೆ. ಮುಂದಿನ ವಾರ ಎಂಟನೆಯದು, ಅದೇ ಕೊನೆಯದು. ಶಾಲೆಯ ಸಹೋದ್ಯೋಗಿಗಳು, ಓಣಿಯವರು, ಹಳೆಯ ವಿದ್ಯಾರ್ಥಿಗಳು, ರಾಯಚೂರಿನ ನಮ್ಮ ಮನೆಗೆ ಬಂದವರೆಲ್ಲ ಚಹಾ ಕುಡಿದು ಏಳುವ ಹೊತ್ತಿಗೆ ಕೇಳುವ ಮಾತು ಒಂದೇ: "ಸರ್, ಅದನ್ನೆಲ್ಲ ಹೆಂಗ ತಡಕೊಂಡ್ರಿ?" ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಬಂದದ್ದು ದೊಡ್ಡ ಕರುಳಿನ ಕ್ಯಾನ್ಸರ್. ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು; ಪಕ್ಕದ ದುಗ್ಧಗ್ರಂಥಿಗಳಿಗೂ (ಲಿಂಫ್ ನೋಡ್) ರೋಗ ತಾಗಿದ್ದರಿಂದ ಡಿಸೆಂಬರಿನಲ್ಲಿ ಕೀಮೋ ಶುರುವಾಯಿತು. 21 ದಿನಕ್ಕೊಂದು ಸುತ್ತು. ಮೊದಲ ದಿನ ಆಕ್ಸಾಲಿಪ್ಲಾಟಿನ್ ಎಂಬ ಔಷಧವನ್ನು ಸುಮಾರು ಎರಡು ತಾಸು ಡ್ರಿಪ್ಪಿನಲ್ಲಿ ಕೊಡುತ್ತಾರೆ. ಆಮೇಲೆ 14 ದಿನ ಕ್ಯಾಪೆಸಿಟಬಿನ್ ಮಾತ್ರೆ, ನನ್ನ ಮೈಯಳತೆಗೆ ಬೆಳಿಗ್ಗೆ ಮೂರು, ರಾತ್ರಿ ಮೂರು. ಉಳಿದ ಏಳು ದಿನ ಬಿಡುವು. ಈ ಔಷಧಗಳಿಂದ ಕೂದಲು ಪೂರ್ತಿ ಉದುರುವುದು ಅಪರೂಪ. ಹಾಗಾಗಿ ನನ್ನ ತಲೆ ನೋಡಿ "ನಿಮಗ ಅಷ್ಟು ತ್ರಾಸ ಆಗಿಲ್ಲ ಬಿಡ್ರಿ" ಎಂದವರೂ ಇದ್ದಾರೆ.

ತ್ರಾಸ ಬೇರೆ ಕಡೆ ಇತ್ತು. ಆಕ್ಸಾಲಿಪ್ಲಾಟಿನ್ ನರಗಳನ್ನು ಕೆಣಕುತ್ತದೆ, ಹಲವು ದಿನ ತಣ್ಣನೆಯದನ್ನು ಮುಟ್ಟಗೊಡುವುದಿಲ್ಲ. ಡಾಕ್ಟರು ಇದನ್ನು ಮೊದಲೇ ಹೇಳಿದ್ದರು. ಆದರೂ ಮೊದಲ ಸುತ್ತಿನ ಮೂರನೆಯ ದಿನ, ಡಿಸೆಂಬರಿನ ನಸುಕಿನಲ್ಲಿ, ನಿದ್ದೆಗಣ್ಣಿನಲ್ಲಿ ಎದ್ದು ಸ್ಟೀಲಿನ ಬಿಂದಿಗೆಯಿಂದ ಅರ್ಧ ಲೋಟ ನೀರು ಕುಡಿದುಬಿಟ್ಟೆ. ಲೋಟ ಹಿಡಿದ ಬೆರಳುಗಳಿಗೆ ಕರೆಂಟು ಹೊಡೆದಂತಾಯಿತು. ಯಾರೋ ಹಿಚುಕಿದಂತೆ ಗಂಟಲು ಬಿಗಿದುಕೊಂಡು, ಉಸಿರು ಆಡುತ್ತಿದ್ದರೂ ಇನ್ನು ಆಡುವುದಿಲ್ಲವೇನೋ ಎಂಬ ಭಯ ಹತ್ತಿತು. ಹೆಂಡತಿ ಬೆಚ್ಚಗಿನ ನೀರು ಕುಡಿಸಿ, ಕೊರಳಿಗೆ ಅವ್ವನ ಶಾಲು ಸುತ್ತಿ, ಗಂಟಲಿನ ಬಿಗಿತ ಸಡಿಲವಾಗುವವರೆಗೆ ಬೆನ್ನಿಗೆ ಕೈ ಇಟ್ಟುಕೊಂಡೇ ಕುಳಿತಿದ್ದಳು. ಬೆಳಗಾಗುವುದರೊಳಗೆ ಬಿಂದಿಗೆ ಹಿತ್ತಲಿಗೆ ಹೋಗಿತ್ತು, ನನ್ನ ತಲೆದಿಂಬಿನ ಪಕ್ಕ ಬಿಸಿನೀರಿನ ಫ್ಲಾಸ್ಕ್ ಬಂದಿತ್ತು. ನಾನು ಮರೆತು ಫ್ರಿಜ್ ತೆಗೆಯಬಾರದೆಂದು ಮಗಳು ಅದರ ಹಿಡಿಕೆಗೆ ತನ್ನ ಕೆಂಪು ರಿಬ್ಬನ್ ಕಟ್ಟಿದ್ದಳು.

ಚಳಿಗಾಲದಲ್ಲಿ ಇದು ನಡೆಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಏನು ಮಾಡುವುದು? ಮಾರ್ಚ್ ಬಂದರೆ ನಮ್ಮಲ್ಲಿ ಮನೆಮನೆಯಲ್ಲೂ ನೀರಿನ ಗಡಿಗೆ ಹೂಡುತ್ತಾರೆ. ಈ ವರ್ಷ ನಮ್ಮ ಮನೆಯಲ್ಲಿ ಹೂಡಲಿಲ್ಲ. ನಿಮಗಾದರೂ ಇರಲಿ ಎಂದು ನಾನು ಹೇಳಿದಾಗ, 78 ವರ್ಷದ ಅವ್ವ "ನೀ ಕುಡಿಯೂ ನೀರು ನನಗ ಇಳಿಯೂದಿಲ್ಲೇನು ಯಪ್ಪಾ?" ಎಂದು ಕೇಳಿ ಮಾತು ಮುಗಿಸಿದಳು. ಹೈದರಾಬಾದಿನಿಂದ ಮಹಬೂಬನಗರ, ಮಕ್ತಲ್ ಮೇಲೆ ತಿರುಗಿ ಬರುವಾಗ ತಮ್ಮನೇ ಕಾರು ಓಡಿಸುತ್ತಿದ್ದ. ಏಸಿಯ ಗಾಳಿ ನನ್ನ ಮುಖಕ್ಕೆ ಸೂಜಿ ಚುಚ್ಚಿದಂತಾಗುತ್ತಿದ್ದರಿಂದ ಏಪ್ರಿಲ್ ತಿಂಗಳ ಆ ಬಿಸಿಲಿನಲ್ಲೂ ಅವನು ಅದನ್ನು ಹಾಕಲಿಲ್ಲ. ಕೃಷ್ಣೆಯ ಸೇತುವೆ ದಾಟಿ ಶಕ್ತಿನಗರದ ಚಿಮಣಿಗಳನ್ನು ಹಾಯುವ ಹೊತ್ತಿಗೆ ಅವನ ಅಂಗಿ ಪೂರ್ತಿ ತೊಯ್ದಿರುತ್ತಿತ್ತು. ಪಕ್ಕದಲ್ಲಿ ನಾನು ಉಣ್ಣೆಯ ಕೈಗವಸು ಹಾಕಿಕೊಂಡು ಕುಳಿತಿರುತ್ತಿದ್ದೆ.

ಆದರೆ ನನ್ನನ್ನು ನಿಜವಾಗಿ ಉಳಿಸಿದ್ದು ಇದಕ್ಕಿಂತ ಕಠಿಣವಾದ ಒಂದು ಸಹಾಯ. ನಾಲ್ಕನೆಯ ಸುತ್ತಿನ ಹೊತ್ತಿಗೆ ಬೆರಳ ತುದಿಯ ಜುಮುಜುಮು ಬಿಡುವಿನ ದಿನಗಳಲ್ಲೂ ಹೋಗದೆ ಉಳಿಯತೊಡಗಿತ್ತು. ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು, ನಾನು ಪ್ರತಿ ಸಲ "ಏನೂ ಇಲ್ಲ" ಎನ್ನುತ್ತಿದ್ದೆ. ಹೇಳಿದರೆ ಔಷಧ ಕಡಿಮೆ ಮಾಡುತ್ತಾರೆ, ಕಡಿಮೆಯಾದರೆ ರೋಗ ಮರಳುತ್ತದೆ ಎಂಬ ಲೆಕ್ಕ ನನ್ನದು. ತಡೆದುಕೊಳ್ಳುವುದೇ ದೊಡ್ಡ ಗುಣವೆಂದು ಮಕ್ಕಳಿಗೆ ಪಾಠ ಹೇಳಿಕೊಂಡು ಬಂದವನು ನಾನು. ಐದನೆಯ ಸುತ್ತು ಪ್ಲೇಟ್‌ಲೆಟ್ ಇಳಿದು ಒಂದು ವಾರ ಮುಂದೆ ಹೋದ ಮೇಲಂತೂ ಇನ್ನಷ್ಟು ಬಿಗಿಯಾಗಿ ಮುಚ್ಚಿಟ್ಟೆ. ಆರನೆಯ ಸುತ್ತಿಗೆ ಹೊರಡುವ ದಿನ ಅಂಗಿಯ ಗುಂಡಿ ಹಾಕಲಾಗದೆ ಕನ್ನಡಿಯ ಮುಂದೆ ನಿಂತಿದ್ದೆ. ಹೆಂಡತಿ ಬಂದು ಮಾತಾಡದೆ ಒಂದೊಂದಾಗಿ ಗುಂಡಿ ಹಾಕಿದಳು. ಡಾಕ್ಟರ ಎದುರು ನಾನು ಎಂದಿನಂತೆ "ಏನೂ ಇಲ್ಲ" ಎಂದ ಕೂಡಲೇ, ತನಗೆ ಬರುವ ಹರಕು ತೆಲುಗಿನಲ್ಲಿ, ಇವರಿಗೆ ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ, ತಿಂಗಳ ಮೇಲಾಯಿತು, ಹೇಳುತ್ತಿಲ್ಲ ಎಂದು ಹೇಳಿಬಿಟ್ಟಳು.

ಡಾಕ್ಟರು ಮೇಜಿನ ಮೇಲೆ ನಾಣ್ಯವಿಟ್ಟು ಎತ್ತಿಕೊಳ್ಳಲು ಹೇಳಿದರು. ನನ್ನಿಂದ ಆಗಲಿಲ್ಲ. ಅಂದಿನಿಂದ ಆಕ್ಸಾಲಿಪ್ಲಾಟಿನ್ ಪ್ರಮಾಣ ಇಳಿಸಿದರು. ಹೀಗೆಯೇ ಮುಂದುವರಿಸಿದ್ದರೆ ಈ ಜೋಮು ಶಾಶ್ವತವಾಗಿ ಉಳಿಯಬಹುದಿತ್ತು, ದೇಹ ನೋಡಿ ಪ್ರಮಾಣ ಇಳಿಸುವುದೂ ಚಿಕಿತ್ಸೆಯದೇ ಭಾಗ ಎಂದರು. ಮಕ್ತಲ್ ಬರುವವರೆಗೂ ನಾನು ಹೆಂಡತಿಯೊಡನೆ ಮಾತಾಡಲಿಲ್ಲ. ಆ ಮೌನಕ್ಕಾಗಿ ಇಂದಿಗೂ ನನಗೆ ದುಃಖವಿದೆ.

ಆದ್ದರಿಂದ ಕೇಳುವವರಿಗೆ ನನ್ನ ಉತ್ತರ: ನಾನು ತಡೆದುಕೊಳ್ಳಲಿಲ್ಲ, ತಡೆದುಕೊಳ್ಳಲು ಮನೆಯವರು ಬಿಡಲಿಲ್ಲ. ಕೀಮೋದಲ್ಲಿ ಸುಮ್ಮನೆ ನುಂಗಿಕೊಳ್ಳುವುದು ಅಪಾಯ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು, ಭೇದಿ ನಿಲ್ಲದಿದ್ದರೆ ಮಜ್ಜಿಗೆ ಕುಡಿದು ನೋಡೋಣ ಎನ್ನಬಾರದು. ರೋಗಿ ಹೇಳದಿದ್ದರೆ ಪಕ್ಕದಲ್ಲಿರುವವರು ಹೇಳಲೇಬೇಕು. ಹಾಗೆಯೇ ನೋಡಲು ಬರುವವರು ನನ್ನ ಹೆಂಡತಿಯನ್ನೂ ಒಂದು ಮಾತು ಕೇಳಿ. ಈ ಐದು ತಿಂಗಳಲ್ಲಿ ಅವಳ ಬಳೆಗಳು ಸಡಿಲವಾಗಿವೆ.

ಕೊನೆಯ ಸುತ್ತಾದ ಮೇಲೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವರ್ಷ ತುಂಬಿದಾಗ ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಇವೆ. ಜೋಮು ಔಷಧ ನಿಂತ ಮೇಲೂ ಕೆಲವು ವಾರ ಹೆಚ್ಚಾಗಿ, ಆಮೇಲೆ ನಿಧಾನವಾಗಿ ಇಳಿಯಬಹುದೆಂದು ಡಾಕ್ಟರು ಹೇಳಿದ್ದಾರೆ. ಅದನ್ನು ಕೇಳಿಸಿಕೊಂಡ ಅವ್ವ ಹೋದ ವಾರ ಸಂತೆಯಲ್ಲಿ ಗಡಿಗೆಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದು, ದನಿ ಕೇಳಿ, ಒಂದನ್ನು ಆರಿಸಿ ತಂದಿದ್ದಾಳೆ. ಈಗ ಅದು ಅಡುಗೆಮನೆಯ ಮೂಲೆಯಲ್ಲಿ ಬೋರಲಾಗಿದೆ.