ತಲೆಕಟ್ಟಿನ ತಕರಾರು

ಗೆಳೆಯನೊಬ್ಬ ನಾಟಕದ ತಾಲೀಮಿಗೆಂದು ಹಳೆಯ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ‘ರಂಗ’ ಎಂದು ಹೆಸರಿಟ್ಟ. ಮುಂಬಾಗಿಲು ಪೂರ್ತಿ ಗಾಜಿನದು. ಹೊರಗೆ ನಿಂತವರಿಗೂ ಒಳಗೆ ಕುಳಿತವರಿಗೂ ಹೆಸರು ನೆಟ್ಟಗೆ ಕಾಣಬೇಕೆಂದು ಹಟ ಹಿಡಿದು ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ.

ಗಾಜಿನ ಆಚೆಯಿಂದ ಓದುವುದೂ ಕನ್ನಡಿಯಲ್ಲಿ ಓದುವುದೂ ಒಂದೇ. ಆಂಬುಲೆನ್ಸ್ ಮುಂದಿನ ತಿರುಗುಮುರುಗು ಬರಹ ಕನ್ನಡಿಯಲ್ಲಷ್ಟೇ ಸರಿಯಾಗಿ ಕಾಣುತ್ತದೆ. ಇಲ್ಲಿ ಎರಡೂ ಕಡೆ ಸರಿಯಿರಬೇಕು. ಆಂಬಿಗ್ರಾಂ ಎಂಬ ಈ ಕಸುಬಿನಲ್ಲಿ ಅಮೆರಿಕದ ಸ್ಕಾಟ್ ಕಿಮ್, ಜಾನ್ ಲ್ಯಾಂಗ್‌ಡನ್ 1970ರ ದಶಕದಿಂದಲೇ ಪಳಗಿದವರು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ 11 ಹುಟ್ಟಿನಿಂದಲೇ ಎಡಬಲ ಸಮ. ಟೊಯೋಟಾ ಹೆಸರನ್ನು ಆ ಅಕ್ಷರಗಳಲ್ಲಿ ಒಂದರ ಕೆಳಗೊಂದು ಬರೆದರೆ ಸಾಕು, ಏನೂ ತಿದ್ದಬೇಕಿಲ್ಲ.

ನಾನೂ ಒಂದರ ಕೆಳಗೊಂದು ಬರೆದೆ. ಅಡ್ಡಲಾಗಿ ಬರೆದರೆ ಆಚೆ ಕಡೆ ‘ಗ’ ಮೊದಲು ಬರುತ್ತದೆ. ‘ರ’ ದುಂಡಗಿದೆ, ಸೊನ್ನೆಯಂತೂ ಸೊನ್ನೆಯೇ, ‘ಗ’ ಒಂದು ಕಮಾನು. ಇದೇನು ಮಹಾ ಎನಿಸಿತು. ತಕರಾರು ತೆಗೆದದ್ದು ತಲೆಕಟ್ಟು. ನಮ್ಮ ತಲೆಕಟ್ಟು ಬಲತುದಿಯಲ್ಲಿ ಓರೆಯಾಗಿ ಮೇಲಕ್ಕೆ ಏರುತ್ತದೆ. ಮಗುಚಿದರೆ ಆ ಏರು ಎಡಕ್ಕೆ ಹೋಗಿ, ಅಕ್ಷರ ಎಡಗೈಯಲ್ಲಿ ಗೀಚಿದಂತಾಗುತ್ತದೆ. ಸಮತಟ್ಟು ಗೆರೆ ಎಳೆದೆ. ದೇವನಾಗರಿಯ ನೆರಳು ಬಿತ್ತು. ಎರಡೂ ತುದಿ ಎತ್ತಿದೆ. ‘ರ’ ಹೋರಿಯ ಹಾಗೆ ದುರುಗುಟ್ಟಿತು. ಗೆರೆಯನ್ನು ತೆಳ್ಳಗೆ ಮಾಡಿದಾಗ, ಗೆಳೆಯನ ಮಗಳು, ಒಂದನೇ ತರಗತಿಯವಳು, “ಮೇಲೊಂದು ಸೊನ್ನೆ, ಕೆಳಗೊಂದು ಸೊನ್ನೆ” ಎಂದು ಓದಿ ಆಟಕ್ಕೆ ಓಡಿದಳು. ದೊಡ್ಡವರು ಊಹಿಸಿ ಓದುತ್ತಾರೆ, ಅವರ ಮೆಚ್ಚುಗೆ ನಂಬುವಂತಿಲ್ಲ. ಈ ವಿದ್ಯೆಗೆ ಒಂದನೇ ತರಗತಿಯವರೇ ಪರೀಕ್ಷಕರು.

ಕೊನೆಗೆ ಗೆರೆಯನ್ನು ನಡುವೆ ದಪ್ಪಗಿಟ್ಟು, ತುದಿಗಳನ್ನು ಸಣ್ಣಗೆ ಮಾಡಿ, ಎರಡನ್ನೂ ತುಸುವೇ ಎತ್ತಿದೆ. ಸೊನ್ನೆಯನ್ನು ‘ರ’ಕಾರದ ಅರ್ಧಕ್ಕೆ ಇಳಿಸಿದೆ. ಹುಡುಗಿ ಕಾಗದವನ್ನು ಬೆಳಕಿಗೆ ಹಿಡಿದು ಹಿಂದಿನಿಂದಲೂ ಓದಿದಳು: “ರ, ಸೊನ್ನೆ, ಗ. ರಂಗ!”

ಸ್ಟಿಕರ್ ಅಂಗಡಿಯವರು ಕಡತ ತೆರೆದು, “ಗಾಜಿನ ಒಳಗಿನಿಂದ ಅಂಟಿಸುವುದಾದರೆ ಮಗುಚಿ ಕತ್ತರಿಸಬೇಕಲ್ಲ ಸಾರ್?” ಎಂದರು. ಹೇಗೆ ಕತ್ತರಿಸಿದರೂ ನಡೆಯುತ್ತದೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಮಗುಚುವ ಗುಂಡಿ ಒತ್ತಿದರು. ಪರದೆಯಲ್ಲಿ ಏನೂ ಬದಲಾಗಲಿಲ್ಲ. ಇನ್ನೊಮ್ಮೆ ಒತ್ತಿದರು. “ಕಂಪ್ಯೂಟರ್ ಸಿಕ್ಕಿಹಾಕಿಕೊಂಡಿದೆ, ಕೂತಿರಿ ಸಾರ್” ಎಂದು ಅದನ್ನು ಆರಿಸಿ ಮತ್ತೆ ಹಚ್ಚಿದರು.